ಚಂದ್ರನ ಮೇಲೆ ಗಾಡಿ ಓಡಿಸಿದವರು

1970ರ ನವೆಂಬರ್ 17ರಂದು ಒಂದು ಗಾಡಿ ಓರೆ ಹಲಗೆಗಳ ಮೇಲಿಂದ ಇಳಿದು ಚಂದ್ರನ ನೆಲ ಮುಟ್ಟಿತು. ಎಂಟು ಗಾಲಿ, 756 ಕೆಜಿ ತೂಕ, ಮೇಲೊಂದು ದುಂಡನೆಯ ಮುಚ್ಚಳ. ಈಗ ಅದರ ಚಿತ್ರ ನೋಡಿದರೆ ಬಚ್ಚಲುಮನೆಯ ಹಂಡೆಗೆ ಗಾಲಿ ಕಟ್ಟಿದ ಹಾಗೆ ಕಾಣುತ್ತದೆ. ಅದರ ಹೆಸರು ಲುನೋಖೋದ್-1. ರಷ್ಯನ್ ಭಾಷೆಯಲ್ಲಿ ಚಂದ್ರನ ಮೇಲೆ ನಡೆಯುವುದು ಎಂದರ್ಥ. ಒಳಗೆ ಯಾರೂ ಇರಲಿಲ್ಲ. ಅದನ್ನು ಓಡಿಸುತ್ತಿದ್ದ ಐದು ಜನ ಸುಮಾರು 3,84,000 ಕಿ.ಮೀ. ದೂರದಲ್ಲಿ, ಕ್ರಿಮಿಯಾದ ಸಿಂಫೆರೊಪೋಲ್ ಪಟ್ಟಣದ ಬಳಿಯ ಒಂದು ಕೋಣೆಯಲ್ಲಿ ಟಿವಿ ಪರದೆಗಳ ಮುಂದೆ ಕುಳಿತಿದ್ದರು.

ಬಾಹ್ಯಾಕಾಶ ಪೈಪೋಟಿಯ ಕತೆ ಹೇಳುವಾಗ ನಾವು ಸಾಮಾನ್ಯವಾಗಿ 1969ರ ಜುಲೈಗೆ ಬಂದು ನಿಲ್ಲುತ್ತೇವೆ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟರು, ಅಮೆರಿಕ ಗೆದ್ದಿತು, ಕತೆ ಮುಗಿಯಿತು. ಆದರೆ ಇವತ್ತು ಮಂಗಳದ ಮೇಲೆ ತೆವಳುತ್ತಿರುವ ರೋವರ್‌ಗಳಾಗಲಿ, 2023ರಲ್ಲಿ ಚಂದ್ರನ ದಕ್ಷಿಣ ಭಾಗದಲ್ಲಿ ಓಡಾಡಿದ ನಮ್ಮ ಪ್ರಜ್ಞಾನ್ ಆಗಲಿ, ಅಪೊಲೊ ಕತೆಗಿಂತ ಹೆಚ್ಚಾಗಿ ಈ ಹಂಡೆಯಂಥ ಗಾಡಿಯ ಕತೆಗೆ ಸೇರಿದವು. ದೂರದಲ್ಲಿ ಕುಳಿತು, ಕಣ್ಣಿಗೆ ಕಾಣದ ನೆಲದ ಮೇಲೆ ಒಂದು ಯಂತ್ರವನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆಯನ್ನು ಮೊದಲು ಪೂರ್ತಿಯಾಗಿ ಎದುರಿಸಿದವರು ಲುನೋಖೋದ್ ಕಟ್ಟಿದವರು ಮತ್ತು ಓಡಿಸಿದವರು. ಅವರು ಕಲಿತದ್ದೇನು, ಎಲ್ಲಿ ಎಡವಿದರು, ಆ ವಿದ್ಯೆ ಮುಂದೆ ಎಲ್ಲೆಲ್ಲಿಗೆ ಹೋಯಿತು ಎಂಬುದು ಈ ಬರಹದ ವಿಷಯ.

ಕಣ್ಣಳತೆಯ ಕಾಲ

ತಂತಿಯಿಲ್ಲದೆ ಯಂತ್ರವನ್ನು ನಡೆಸುವ ಆಸೆ ರೇಡಿಯೊದಷ್ಟೇ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಸ್ಪೇನಿನ ಲಿಯೊನಾರ್ಡೊ ಟೊರೆಸ್ ಕೆವೆಡೊ ಮೂರು ಗಾಲಿಯ ಗಾಡಿಯನ್ನೂ ದೋಣಿಯನ್ನೂ ಹೀಗೆಯೇ ಓಡಿಸಿದರು. 1930ರ ದಶಕದಲ್ಲಿ ಸೋವಿಯತ್ ಸೈನ್ಯ ಇದೇ ವಿದ್ಯೆಯನ್ನು ಟ್ಯಾಂಕಿಗೆ ಹಾಕಿತು. ಒಳಗೆ ಆಳಿಲ್ಲದ ‘ಟೆಲಿಟ್ಯಾಂಕ್’ ಮುಂದೆ, ಅದನ್ನು ನಡೆಸುವ ಆಳಿರುವ ಟ್ಯಾಂಕ್ ನೂರಾರು ಮೀಟರ್ ಹಿಂದೆ. 1939-40ರ ಚಳಿಗಾಲದ ಯುದ್ಧದಲ್ಲಿ ಫಿನ್ಲೆಂಡಿನ ವಿರುದ್ಧ ಅವುಗಳನ್ನು ಬಳಸಿಯೂ ನೋಡಿದರು.

ಇವೆಲ್ಲಕ್ಕೂ ಒಂದು ಸಾಮಾನ್ಯ ಗುಣವಿತ್ತು. ನಡೆಸುವವನಿಗೆ ಯಂತ್ರ ಕಣ್ಣಿಗೆ ಕಾಣುತ್ತಿತ್ತು. ಎಡಕ್ಕೆ ತಿರುಗಿಸಿದರೆ ತಿರುಗಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತಿತ್ತು. ಮಕ್ಕಳು ಮೈದಾನದಲ್ಲಿ ರಿಮೋಟ್ ಕಾರು ಓಡಿಸುವಾಗಲೂ ಇದೇ ನಡೆಯುವುದು. ರಿಮೋಟಿನ ಅರ್ಧ ಕೆಲಸವನ್ನು ಕಣ್ಣೇ ಮಾಡಿಬಿಡುತ್ತದೆ. ಆ ಕಣ್ಣನ್ನು ಕಿತ್ತುಕೊಂಡಾಗ ಉಳಿಯುವುದೇನು? ಆ ಪ್ರಶ್ನೆ ಎದ್ದದ್ದು ಗಾಡಿಯನ್ನು ಇನ್ನೊಂದು ಲೋಕಕ್ಕೆ ಕಳಿಸಬೇಕು ಎಂದಾಗ.

ನೆಲ ಗಟ್ಟಿಯೋ, ಧೂಳೋ?

1960ರ ದಶಕದ ಆರಂಭದಲ್ಲಿ ಸೋವಿಯತ್ ರಾಕೆಟ್ ಯೋಜನೆಯ ಮುಖ್ಯಸ್ಥ ಸೆರ್ಗೈ ಕೊರೊಲ್ಯೋವ್ ಚಂದ್ರನ ಗಾಡಿಯ ವಿಷಯ ಎತ್ತಿದಾಗ ಅದನ್ನು ಮಾಡುವವರನ್ನು ಹುಡುಕುವುದೇ ಕಷ್ಟವಾಯಿತು. ಕೊನೆಗೆ ಕೆಲಸ ಬಂದದ್ದು ಲೆನಿನ್‌ಗ್ರಾಡಿನ ಒಂದು ಟ್ಯಾಂಕ್ ಸಂಶೋಧನಾ ಸಂಸ್ಥೆಗೆ; ಅದು ಮುಂದೆ ‘ವಿನೀಟ್ರಾನ್ಸ್‌ಮಾಶ್’ ಎಂದು ಹೆಸರಾಯಿತು. ಅಲ್ಲಿ ಈ ಕೆಲಸ ಕೈಗೆತ್ತಿಕೊಂಡವರು ಅಲೆಕ್ಸಾಂಡರ್ ಕೆಮುರ್ಜಿಯಾನ್. 1921ರಲ್ಲಿ ಹುಟ್ಟಿದ ಅರ್ಮೇನಿಯನ್ ಮೂಲದ ಎಂಜಿನಿಯರ್, ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು, ವೃತ್ತಿಯಿಂದ ಟ್ಯಾಂಕಿನ ಮನುಷ್ಯ. ಆಕಾಶದ ಕೆಲಸ ಟ್ಯಾಂಕಿನವರಿಗೆ ಹೋದದ್ದು ವಿಚಿತ್ರ ಎನಿಸಬಹುದು. ಆದರೆ ಕೆಸರು, ಹಿಮ, ಮರಳು, ಕಲ್ಲುಗಳ ಮೇಲೆ ಗಾಡಿ ಹೇಗೆ ಹೂತುಕೊಳ್ಳುತ್ತದೆ, ಹೇಗೆ ಮೇಲೇಳುತ್ತದೆ ಎಂಬುದನ್ನು ಲೆಕ್ಕ ಹಾಕಿ ಬಲ್ಲವರು ಅವರೇ.

ತೊಂದರೆ ಏನೆಂದರೆ, ಚಂದ್ರನ ನೆಲ ಹೇಗಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್ ಅಲ್ಲಿ ಆಳವಾದ ಧೂಳಿನ ಪದರ ಇರಬಹುದು ಎಂದಿದ್ದರು. ಅದು ನಿಜವಾದರೆ ಇಳಿದ ನೌಕೆಯೇ ಮುಳುಗೀತು, ಗಾಡಿಯ ಮಾತು ದೂರವೇ ಉಳಿಯಿತು. ಬೇರೆಯವರು ಜ್ವಾಲಾಮುಖಿಯ ಹಗುರ ಕಲ್ಲಿನಂಥ ನೆಲ ಎಂದರು. ವಾದ ಮುಗಿಯುವವರೆಗೆ ಕಾದರೆ ಗಾಡಿ ಆಗುವುದಿಲ್ಲ. 1964ರಲ್ಲಿ ಕೊರೊಲ್ಯೋವ್ ನೆಲ ಸಾಕಷ್ಟು ಗಟ್ಟಿಯಿದೆ ಎಂದು ಇಟ್ಟುಕೊಂಡು ವಿನ್ಯಾಸ ಮಾಡಿ ಎಂದು ಬರೆದು ಸಹಿ ಹಾಕಿಕೊಟ್ಟರು. ಅದು ವಿಜ್ಞಾನದ ತೀರ್ಮಾನವಲ್ಲ, ಹೊಣೆ ಹೊರುವ ತೀರ್ಮಾನ. 1966ರ ಫೆಬ್ರವರಿ 3ರಂದು ಲೂನಾ-9 ಮುಳುಗದೆ ಮೆಲ್ಲಗೆ ಇಳಿದು ಚಿತ್ರ ಕಳಿಸಿದಾಗ ಅದು ಸರಿಯಾಗಿತ್ತು ಎಂದು ತಿಳಿಯಿತು. ಅದಕ್ಕೆ ಮೂರು ವಾರ ಮೊದಲೇ ಕೊರೊಲ್ಯೋವ್ ತೀರಿಕೊಂಡಿದ್ದರು. ಚಂದ್ರ ಯೋಜನೆ 1965ರಲ್ಲೇ ಲಾವೊಚ್ಕಿನ್ ಸಂಸ್ಥೆಯ ಗಿಯೋರ್ಗಿ ಬಬಾಕಿನ್ ಅವರ ಕೈಗೆ ಬಂದಿತ್ತು.

ಟ್ಯಾಂಕಿನವರು ಮೊದಲು ಟ್ಯಾಂಕಿನ ಸರಪಳಿ ಪಟ್ಟಿಯನ್ನೇ ಯೋಚಿಸಿದ್ದು ಸಹಜ. ಆದರೆ ಪಟ್ಟಿಯಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಬಿಡಿಸಲು ಅಲ್ಲಿ ಯಾರಿದ್ದಾರೆ? ಎಂಟು ಗಾಲಿಗಳಲ್ಲಿ ಒಂದು ಕೈಕೊಟ್ಟರೆ ಉಳಿದ ಏಳು ನಡೆಸುತ್ತವೆ. ಹೀಗೆ ಗಾಲಿಗಳು ಗೆದ್ದವು. ಪ್ರತಿ ಗಾಲಿಗೂ ತನ್ನದೇ ಮೋಟಾರ್, ತನ್ನದೇ ಸ್ಪ್ರಿಂಗ್. 51 ಸೆಂ.ಮೀ. ವ್ಯಾಸದ ಗಾಲಿಗೆ ಸೈಕಲ್ಲಿನಂತೆ ಕಡ್ಡಿಗಳು, ಮೇಲೆ ಲೋಹದ ಜಾಲರಿ, ಹಿಡಿತಕ್ಕೆ ಟೈಟಾನಿಯಂ ಪಟ್ಟಿಗಳು. ಒಂದು ಮೋಟಾರ್ ಗಟ್ಟಿ ಹಿಡಿದುಕೊಂಡರೆ ಆ ಗಾಲಿ ಬ್ರೇಕ್ ಹಾಕಿದಂತೆ ಇಡೀ ಗಾಡಿಯನ್ನು ನಿಲ್ಲಿಸೀತು. ಅದಕ್ಕಾಗಿ ಅಚ್ಚಿನಲ್ಲಿ ಪುಟ್ಟ ಸಿಡಿಮದ್ದು ಇಟ್ಟಿದ್ದರು. ಭೂಮಿಯಿಂದ ಆಜ್ಞೆ ಹೋದರೆ ಅಚ್ಚು ತುಂಡಾಗಿ ಗಾಲಿ ಸುಮ್ಮನೆ ಉರುಳುತ್ತದೆ. ಹಿಂದೆ ಒಂಬತ್ತನೆಯ ಪುಟ್ಟ ಗಾಲಿಯೊಂದಿತ್ತು. ಅದಕ್ಕೆ ಮೋಟಾರಿಲ್ಲ, ನೆಲದ ಮೇಲೆ ಉರುಳುವುದಷ್ಟೇ ಕೆಲಸ. ಎಂಟು ಗಾಲಿಗಳು ಎಷ್ಟು ಸುತ್ತಿದವು, ಒಂಬತ್ತನೆಯದು ಎಷ್ಟು ಸುತ್ತಿತು ಎಂದು ಹೋಲಿಸಿದರೆ ಗಾಡಿ ನಿಜವಾಗಿ ಎಷ್ಟು ಮುಂದೆ ಹೋಯಿತು, ಎಷ್ಟು ಜಾರಿತು ಎಂದು ಗೊತ್ತಾಗುತ್ತದೆ. ಎತ್ತಿನ ಗಾಡಿ ಓಡಿಸುವವನಿಗೆ ಮೈಗೇ ತಿಳಿಯುವ ಸಂಗತಿಯನ್ನು ಇಲ್ಲಿ ಒಂದು ಗಾಲಿ ಅಳೆದು ಹೇಳಬೇಕಿತ್ತು.

ಇದನ್ನೆಲ್ಲ ಪರೀಕ್ಷಿಸಿದ ಬಗೆಯೂ ನೋಡುವಂಥದ್ದು. ಚಂದ್ರನ ಮೇಲೆ ತೂಕ ಆರರಲ್ಲೊಂದು ಪಾಲು. ಆ ತೂಕದಲ್ಲಿ ಗಾಲಿ ಹೇಗೆ ಹಿಡಿಯುತ್ತದೆ ಎಂದು ನೋಡಲು ವಿಮಾನವನ್ನು ಬಿಲ್ಲಿನಾಕಾರದಲ್ಲಿ ಹಾರಿಸಿ, ಸಿಗುವ ಕೆಲವೇ ಸೆಕೆಂಡುಗಳಲ್ಲಿ ಗಾಲಿಯನ್ನು ಮಣ್ಣಿನ ಮೇಲೆ ಉರುಳಿಸಿದರು. ಮೋಟಾರ್ ಮತ್ತು ಹಲ್ಲುಚಕ್ರಗಳ ಎಣ್ಣೆ ನಿರ್ವಾತದಲ್ಲಿ ಉಳಿಯುತ್ತದೆಯೇ ಎಂದು ತಿಳಿಯಲು ಅವುಗಳನ್ನು ಚಂದ್ರನ ಸುತ್ತ ಸುತ್ತುವ ಲೂನಾ-12 ಮತ್ತು ಲೂನಾ-14 ನೌಕೆಗಳಲ್ಲಿ ಕಳಿಸಿ ತಿರುಗಿಸಿ ನೋಡಿದರು. ದೂರದ ಪೂರ್ವದ ಕಮ್ಚಾಟ್ಕಾದಲ್ಲಿ ಜ್ವಾಲಾಮುಖಿಗಳ ಬೂದಿಯ ಮೇಲೆ ಮಾದರಿ ಗಾಡಿಗಳನ್ನು ಓಡಿಸಿದರು. ಒಂದು ಪರೀಕ್ಷೆಯಲ್ಲಿ ತೂಕ ಸರಿ, ಇನ್ನೊಂದರಲ್ಲಿ ನಿರ್ವಾತ ಸರಿ, ಮತ್ತೊಂದರಲ್ಲಿ ಮಣ್ಣು ಸರಿ. ಎಲ್ಲವೂ ಒಟ್ಟಿಗೆ ಸರಿಯಿರುವ ಪರೀಕ್ಷೆ ಭೂಮಿಯ ಮೇಲೆ ಸಾಧ್ಯವೇ ಇರಲಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹಿತ್ತಲಿನ ಚಂದ್ರ

ಗಾಡಿಯಷ್ಟೇ ಕಷ್ಟದ ಕೆಲಸ ಅದನ್ನು ಓಡಿಸುವವರನ್ನು ತಯಾರು ಮಾಡುವುದು. ಸೈನ್ಯದ ಯುವ ಅಧಿಕಾರಿಗಳನ್ನು ಕರೆಸಿ, ಗಗನಯಾತ್ರಿಗಳಿಗೆ ಮಾಡುವಂಥ ವೈದ್ಯಕೀಯ ಪರೀಕ್ಷೆಗಳನ್ನು ಮಾಡಿ, ಆರಿಸಿದರು. ಯಾವ ಕೆಲಸಕ್ಕೆ ಎಂದು ಮೊದಲು ಅವರಿಗೇ ಹೇಳಿರಲಿಲ್ಲ. ತಿಳಿದ ಮೇಲೆ ಮನೆಯವರಿಗೆ ಹೇಳುವ ಹಾಗಿರಲಿಲ್ಲ. ಐದೈದು ಜನರ ಎರಡು ತಂಡಗಳಾದವು. ಕಮಾಂಡರ್, ಚಾಲಕ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಯಂತ್ರದ ಆರೋಗ್ಯ ನೋಡುವ ಎಂಜಿನಿಯರ್, ಮತ್ತು ಗಾಡಿಯ ಆಂಟೆನಾವನ್ನು ಸದಾ ಭೂಮಿಯ ಕಡೆ ತಿರುಗಿಸಿ ಹಿಡಿಯುವ ಆಪರೇಟರ್. ನಿಕೊಲಾಯ್ ಯೆರೆಮೆಂಕೊ ಮತ್ತು ಇಗೋರ್ ಫ್ಯೋದೊರೊವ್ ಕಮಾಂಡರುಗಳು. ಗಬ್ದುಲ್ಖಾಯ್ ಲತೀಪೊವ್ ಮತ್ತು ವ್ಯಾಚೆಸ್ಲಾವ್ ದೊವ್ಗಾನ್ ಚಾಲಕರು. ಗಾಡಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದರೂ ಈ ಹೆಸರುಗಳು ಹಲವು ವರ್ಷ ಹೊರಗೆ ಬರಲಿಲ್ಲ.

ಅವರ ಅಭ್ಯಾಸಕ್ಕಾಗಿ ಸಿಂಫೆರೊಪೋಲ್ ಬಳಿಯ ಶ್ಕೋಲ್ನೊಯೆ ಎಂಬಲ್ಲಿ 1968ರಲ್ಲಿ ಒಂದು ‘ಲುನೊದ್ರೋಮ್’ ಕಟ್ಟಿದರು. ಸುಮಾರು 120 ಮೀಟರ್ ಉದ್ದ, 70 ಮೀಟರ್ ಅಗಲದ ಬಯಲು. ಅದರಲ್ಲಿ ಐವತ್ತಕ್ಕೂ ಹೆಚ್ಚು ಕುಳಿ ತೋಡಿ, ನೂರಾರು ಕಲ್ಲುಗಳನ್ನು ಇಟ್ಟು, ಅಂದಿನ ತಿಳಿವಳಿಕೆಯಂತೆ ಚಂದ್ರನ ಮುಖದ ಒಂದು ತುಣುಕನ್ನು ಮಾಡಿದರು. ಚಾಲಕರು ಬಯಲನ್ನು ನೇರವಾಗಿ ನೋಡದೆ ಒಳಗೆ ಪರದೆಯ ಮುಂದೆ ಕುಳಿತು ಗಾಡಿ ನಡೆಸಬೇಕು.

ಆ ಪರದೆಯ ಮೇಲೆ ಬರುತ್ತಿದ್ದದ್ದು ಸಿನಿಮಾದಂಥ ಚಿತ್ರವಲ್ಲ. ಒಂದು ಸ್ಥಿರಚಿತ್ರ; ಅದಾದ ಮೇಲೆ ಇನ್ನೊಂದು ಬರಲು ಮೂರರಿಂದ ಇಪ್ಪತ್ತು ಸೆಕೆಂಡು. ಇದರ ಮೇಲೆ ಬೆಳಕಿನ ವೇಗದ ತೆರಿಗೆ ಬೇರೆ. ಚಂದ್ರನಿಂದ ಚಿತ್ರ ಬರಲು ಒಂದೂಕಾಲು ಸೆಕೆಂಡಿಗೂ ಹೆಚ್ಚು, ಆಜ್ಞೆ ಹೋಗಲು ಮತ್ತೆ ಅಷ್ಟೇ. ಲುನೋಖೋದ್‌ಗೆ ಎರಡೇ ವೇಗ: ಗಂಟೆಗೆ ಸುಮಾರು 0.8 ಕಿ.ಮೀ. ಮತ್ತು 2 ಕಿ.ಮೀ. ನಿಧಾನದ ವೇಗದಲ್ಲೇ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 22 ಸೆಂ.ಮೀ. ಪರದೆಯ ಮೇಲಿನ ಚಿತ್ರ ಹತ್ತು ಸೆಕೆಂಡು ಹಳೆಯದಾಗಿದ್ದರೆ ಗಾಡಿ ಆಗಲೇ ಎರಡು ಮೀಟರಿಗೂ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಒಂದೂವರೆ ಮೀಟರ್ ದೂರದಲ್ಲಿ ಕಾಣುವ ಕುಳಿಯೊಳಗೆ ಗಾಡಿ ಈಗಾಗಲೇ ಇಳಿದಿರಬಹುದು. ಚಾಲಕ ನೋಡುತ್ತಿರುವುದು ಹಿಂದೆ ಆದದ್ದನ್ನು. ಅವನು ಕೊಡುವ ಆಜ್ಞೆ ತಲುಪುವುದು ಇನ್ನೂ ನೋಡದ ಜಾಗಕ್ಕೆ.

ಹಾಗಾಗಿ ಲುನೊದ್ರೋಮಿನಲ್ಲಿ ನಡೆದದ್ದು ಗಾಡಿಯ ಪರೀಕ್ಷೆ ಮಾತ್ರವಲ್ಲ. ಈ ವಿಳಂಬದೊಳಗೆ ಕುಳಿತು ಯೋಚಿಸುವ ಒಂದು ಹೊಸ ಅಭ್ಯಾಸವನ್ನು ಮನುಷ್ಯರಿಗೆ ಕಲಿಸುವ ಪ್ರಯತ್ನ. ಸ್ವಲ್ಪ ಓಡಿಸು, ನಿಲ್ಲಿಸು, ನೋಡು, ಮಾತಾಡಿಕೊ, ಮತ್ತೆ ಓಡಿಸು. ಪ್ರತಿ ಎರಡು ಗಂಟೆಗೊಮ್ಮೆ ತಂಡ ಬದಲಾಗುತ್ತಿತ್ತು, ಅದಕ್ಕಿಂತ ಹೆಚ್ಚು ಹೊತ್ತು ಏಕಾಗ್ರತೆ ನಿಲ್ಲುವುದಿಲ್ಲವೆಂದು.

ಹತ್ತೂವರೆ ಕಿಲೋಮೀಟರ್

ಮೊದಲ ಲುನೋಖೋದ್ ಚಂದ್ರನನ್ನು ನೋಡಲೇ ಇಲ್ಲ. 1969ರ ಫೆಬ್ರವರಿ 19ರಂದು ಬೈಕನೂರಿನಿಂದ ಹೊರಟ ರಾಕೆಟ್ ಒಂದು ನಿಮಿಷವೂ ಆಗುವ ಮೊದಲೇ ಒಡೆದು ಬಿತ್ತು. ಆ ವಿಷಯವನ್ನು ಆಗ ಹೊರಗೆ ಹೇಳಲಿಲ್ಲ. ಅದು ಯಶಸ್ವಿಯಾಗಿದ್ದರೆ ಆರ್ಮ್‌ಸ್ಟ್ರಾಂಗ್ ಇಳಿಯುವಾಗ ಚಂದ್ರನ ಮೇಲೆ ಒಂದು ಸೋವಿಯತ್ ಗಾಡಿ ಆಗಲೇ ಇರುತ್ತಿತ್ತು. ಎರಡನೆಯ ಅವಕಾಶ ಬಂದದ್ದು ಇಪ್ಪತ್ತೊಂದು ತಿಂಗಳ ಮೇಲೆ, ಲೂನಾ-17ರಲ್ಲಿ.

ಗಾಡಿ ಇಳಿದದ್ದು ಮೇರ್ ಇಂಬ್ರಿಯಂ ಎಂಬ ಬಯಲಿನಲ್ಲಿ. ಮೂರು ಚಾಂದ್ರ ದಿನ, ಅಂದರೆ ನಮ್ಮ ಸುಮಾರು ಮೂರು ತಿಂಗಳು ಬಾಳಿದರೆ ಸಾಕು ಎಂದುಕೊಂಡಿದ್ದರು. ಚಂದ್ರನ ಒಂದು ಹಗಲು ನಮ್ಮ ಎರಡು ವಾರ, ಒಂದು ರಾತ್ರಿಯೂ ಅಷ್ಟೇ. ರಾತ್ರಿ ಚಳಿ ಸೊನ್ನೆಗಿಂತ 150 ಡಿಗ್ರಿ ಕೆಳಗೆ ಇಳಿಯುತ್ತದೆ. ಮುಚ್ಚಳದ ಒಳಮೈಗೆ ಸೌರಕೋಶ ಹಚ್ಚಿದ್ದರು. ಹಗಲು ಮುಚ್ಚಳ ತೆರೆದು ಬಿಸಿಲು ಕುಡಿಯುವುದು, ರಾತ್ರಿ ಮುಚ್ಚಿಕೊಂಡು ಪೊಲೋನಿಯಂ-210ರ ಕಾವಿನಲ್ಲಿ ಬೆಚ್ಚಗೆ ಇರುವುದು. ಮಧ್ಯಾಹ್ನವೂ ವಿಶ್ರಾಂತಿ. ಸೂರ್ಯ ಮೇಲೇರಿದಾಗ ನೆರಳು ಕುಗ್ಗಿ, ಕುಳಿಯೂ ದಿಬ್ಬವೂ ಒಂದೇ ಬೂದು ಬಣ್ಣದಲ್ಲಿ ಕರಗಿ ಹೋಗುತ್ತಿದ್ದವು. ಹಿತ್ತಲಿನ ಚಂದ್ರನಲ್ಲಿ ಕುಳಿ ತೋಡಬಹುದಿತ್ತು. ಗಾಳಿಯಿಲ್ಲದ ಲೋಕದ ಆ ಬೆಳಕನ್ನು ತರಲು ಆಗಿರಲಿಲ್ಲ.

ಮೂರು ತಿಂಗಳಿಗೆ ಮಾಡಿದ ಗಾಡಿ ಹತ್ತು ತಿಂಗಳು ಬಾಳಿತು. ಕೊನೆಯ ಸಂಪರ್ಕ 1971ರ ಸೆಪ್ಟೆಂಬರ್ 14ರಂದು. ಮುಗಿಯಿತೆಂದು ಅಧಿಕೃತವಾಗಿ ಘೋಷಿಸಿದ್ದು ಸ್ಪುಟ್ನಿಕ್ ಹಾರಿದ ದಿನವಾದ ಅಕ್ಟೋಬರ್ 4ರಂದು. ಅಷ್ಟರಲ್ಲಿ 10.5 ಕಿ.ಮೀ. ನಡೆದು, 20,000ಕ್ಕೂ ಹೆಚ್ಚು ಟಿವಿ ಚಿತ್ರಗಳನ್ನೂ 200ಕ್ಕೂ ಹೆಚ್ಚು ಪನೋರಮಾಗಳನ್ನೂ ಕಳಿಸಿತ್ತು. ದಾರಿಯುದ್ದಕ್ಕೂ ಒಂದು ಮೊನೆಯನ್ನು ನೆಲಕ್ಕೆ ಒತ್ತಿ ಮಣ್ಣಿನ ಗಟ್ಟಿತನವನ್ನು ನೂರಾರು ಸಲ ಅಳೆದಿತ್ತು. ಗೋಲ್ಡ್ ಮತ್ತು ಇತರರ ನಡುವಿನ ವಾದಕ್ಕೆ ಗಾಲಿಯ ಗುರುತಿನಲ್ಲೇ ಉತ್ತರ ಸಿಕ್ಕಿತ್ತು.

ಒಂದು ಹಿಡಿ ಧೂಳು

ಎರಡನೆಯ ಗಾಡಿ ಲುನೋಖೋದ್-2, 1973ರ ಜನವರಿ 15ರಂದು ಲೆ ಮೊನಿಯೆ ಎಂಬ ಹಳೆಯ ಕುಳಿಯಲ್ಲಿ ಇಳಿಯಿತು. ಮೊದಲನೆಯದರ ಚಾಲಕರ ದೂರು ಕೇಳಿ ಮಾಡಿದ ದೊಡ್ಡ ಬದಲಾವಣೆ ಒಂದಿತ್ತು. ಮುಂದಿನ ಕ್ಯಾಮೆರಾಗಳು ತೀರ ತಗ್ಗಿನಲ್ಲಿದ್ದುದರಿಂದ ಮಂಡಿಯೂರಿ ನೋಡಿದಂತೆ ಕಾಣುತ್ತಿತ್ತು. ಈಗ ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಸಮೀಪದಲ್ಲಿ ಮೂರನೆಯ ಕ್ಯಾಮೆರಾ ಬಂತು. ಇಳಿಯುವಾಗಲೇ ದಿಕ್ಕು ಹೇಳುವ ವ್ಯವಸ್ಥೆ ಕೆಟ್ಟುಹೋಯಿತು. ತಂಡ ಸೂರ್ಯನನ್ನೂ ನೆಲದ ಗುರುತುಗಳನ್ನೂ ನೋಡಿ ದಾರಿ ಕಂಡುಕೊಳ್ಳಬೇಕಾಯಿತು. ಅದೇ ಸಮಯಕ್ಕೆ ಮಾಸ್ಕೋದ ಒಂದು ಸಮ್ಮೇಳನಕ್ಕೆ ಬಂದಿದ್ದ ಅಮೆರಿಕನ್ನರು ಅಪೊಲೊ ಯೋಜನೆಗಾಗಿ ತೆಗೆದಿದ್ದ ಆ ಜಾಗದ ಚಿತ್ರಗಳನ್ನು ಸೋವಿಯತ್ ವಿಜ್ಞಾನಿಗಳಿಗೆ ಕೊಟ್ಟರು. ಪೈಪೋಟಿಯ ನಡುವೆಯೇ ಎದುರಾಳಿಯ ಚಿತ್ರ ಇವರ ದಾರಿಗೆ ನೆರವಾಯಿತು.

ಅನುಭವದ ಬೆಲೆ ಏನೆಂದು ಅಂಕಿಗಳೇ ಹೇಳುತ್ತವೆ. ಲುನೋಖೋದ್-1 ಹತ್ತು ತಿಂಗಳಲ್ಲಿ ಹತ್ತೂವರೆ ಕಿ.ಮೀ. ಹೋಗಿದ್ದರೆ, ಎರಡನೆಯದು ನಾಲ್ಕೇ ತಿಂಗಳಲ್ಲಿ 39 ಕಿ.ಮೀ. ಹೋಯಿತು. ಗಾಡಿ ಹೆಚ್ಚು ಕಡಿಮೆ ಅದೇ, ಕಲಿತದ್ದು ಮನುಷ್ಯರು. ಆದರೆ ಕಲಿತವರಿಗೇ ಬರುವ ಅಪಾಯವೂ ಬಂತು. ಮೇ 9ರಂದು ಗಾಡಿ ಒಂದು ಕುಳಿಯೊಳಗೆ ಇಳಿಯಿತು. ತೆರೆದಿದ್ದ ಮುಚ್ಚಳ ಕುಳಿಯ ಗೋಡೆಗೆ ತಾಗಿ ಸೌರಕೋಶಗಳ ಮೇಲೆ ಮಣ್ಣು ಬಿತ್ತು. ವಿದ್ಯುತ್ ಇಳಿಯಿತು. ಹೇಗೋ ಹೊರಗೆ ತಂದರು. ರಾತ್ರಿ ಬಂದಾಗ ರೂಢಿಯಂತೆ ಮುಚ್ಚಳ ಮುಚ್ಚಿದರು. ಆಗ ಮುಚ್ಚಳದ ಮೇಲಿದ್ದ ಧೂಳು ಒಳಗೆ, ಶಾಖ ಹೊರಹಾಕುವ ರೇಡಿಯೇಟರಿನ ಮೇಲೆ ಸುರಿಯಿತು. ಬೆಳಗಾದಾಗ ಗಾಡಿಗೆ ತನ್ನ ಕಾವನ್ನು ಹೊರಹಾಕಲು ಆಗಲಿಲ್ಲ, ಒಳಗಿನ ಉಪಕರಣಗಳು ಬೆಂದವು. ಜೂನ್ ಆರಂಭದಲ್ಲಿ ಕೆಲಸ ಮುಗಿದಿದೆ ಎಂದು ಪ್ರಕಟಿಸಿದರು.

ನಿರ್ವಾತವನ್ನೂ ಚಳಿಯನ್ನೂ ಬಂಡೆಯನ್ನೂ ಗೆದ್ದ ಯಂತ್ರ ಒಂದು ಹಿಡಿ ಮಣ್ಣಿನಿಂದ ಸತ್ತಿತು. ಗಾಲಿಯನ್ನು ಬೇರೆ, ಮೋಟಾರನ್ನು ಬೇರೆ, ಮುಚ್ಚಳವನ್ನು ಬೇರೆ ಪರೀಕ್ಷಿಸಿದ್ದರು. ಕುಳಿ, ಮುಚ್ಚಳ, ಧೂಳು, ರಾತ್ರಿಯ ರೂಢಿ ಇವು ನಾಲ್ಕೂ ಒಂದರ ಹಿಂದೆ ಒಂದು ಬರುವ ಸಾಲನ್ನು ಯಾವ ಮೈದಾನವೂ ಪರೀಕ್ಷಿಸಿರಲಿಲ್ಲ. ಮೂರನೆಯ ಗಾಡಿಯನ್ನೂ ಕಟ್ಟಿದರು. ಅದು ಹಾರಲೇ ಇಲ್ಲ, ಇವತ್ತಿಗೂ ಲಾವೊಚ್ಕಿನ್ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ದೂರದ ದಾಖಲೆ ಮಾತ್ರ 41 ವರ್ಷ ಉಳಿಯಿತು. 2014ರಲ್ಲಿ ಅದನ್ನು ಮುರಿದದ್ದು ಮಂಗಳದ ಮೇಲಿನ ಅಮೆರಿಕದ ಆಪರ್ಚುನಿಟಿ ರೋವರ್. ಹಳೆಯ ಗಾಡಿಯ ನೆನಪಿಗೆ ಆ ತಂಡ ಮಂಗಳದ ಒಂದು ಕುಳಿಗೆ ಲುನೋಖೋದ್-2 ಎಂದು ಹೆಸರಿಟ್ಟಿತು.

ಕೈಗೆ ಸಿಗದ ದೂರ

ಮಂಗಳಕ್ಕೆ ಕೆಮುರ್ಜಿಯಾನ್ ಅವರ ತಂಡವೂ ಒಂದು ಯಂತ್ರ ಕಳಿಸಿತ್ತು. 1971ರ ಮಾರ್ಸ್-2 ಮತ್ತು ಮಾರ್ಸ್-3 ನೌಕೆಗಳಲ್ಲಿ ತಲಾ ನಾಲ್ಕೂವರೆ ಕೆಜಿಯ ಪುಟ್ಟ ಪೆಟ್ಟಿಗೆ, ಗಾಲಿಯ ಬದಲು ಹಿಮಜಾರುವ ಹಲಗೆಯಂಥ ಎರಡು ಕಾಲು, ನೌಕೆಗೆ ಕಟ್ಟಿದ 15 ಮೀಟರ್ ತಂತಿ. ಮಂಗಳಕ್ಕೆ ಸಂಕೇತ ಹೋಗಿ ಬರಲು ಹತ್ತಾರು ನಿಮಿಷ ಬೇಕು; ಅಷ್ಟು ದೂರದಿಂದ ಸ್ಟಿಯರಿಂಗ್ ಹಿಡಿಯಲು ಆಗುವುದಿಲ್ಲ. ಆದ್ದರಿಂದ ಎದುರು ಕಲ್ಲು ತಾಗಿದರೆ ತಾನೇ ಹಿಂದೆ ಸರಿದು ಬೇರೆ ಕಡೆ ತಿರುಗುವ ವ್ಯವಸ್ಥೆ ಮಾಡಿದ್ದರು. ಮಾರ್ಸ್-2 ಅಪ್ಪಳಿಸಿತು. ಮಾರ್ಸ್-3 ಡಿಸೆಂಬರ್ 2ರಂದು ಇಳಿದು ಕೆಲವೇ ಸೆಕೆಂಡುಗಳಲ್ಲಿ ಮೌನವಾಯಿತು. ಮಂಗಳದ ನೆಲದ ಮೇಲೆ ರೋವರ್ ಓಡಿದ್ದು 1997ರಲ್ಲಿ, ಅಮೆರಿಕದ ಸೋಜರ್ನರ್ ಇಳಿದಾಗ. ಆದರೂ ವಿಳಂಬ ಹೆಚ್ಚಾದಷ್ಟೂ ತೀರ್ಮಾನವನ್ನು ಯಂತ್ರಕ್ಕೇ ಬಿಟ್ಟುಕೊಡಬೇಕು ಎಂಬ ತತ್ವ ಆ ಪುಟ್ಟ ಪೆಟ್ಟಿಗೆಯಲ್ಲೇ ಇತ್ತು.

ಚೆರ್ನೋಬಿಲ್ ಚಾವಣಿ

ಚಂದ್ರನ ಗಾಡಿ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಭೂಮಿಯ ಮೇಲೆಯೇ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ಘಟಕ ಸಿಡಿದಾಗ, ರಿಯಾಕ್ಟರಿನೊಳಗಿನ ಗ್ರಾಫೈಟ್ ಮತ್ತು ಇಂಧನದ ಚೂರುಗಳು ಪಕ್ಕದ ಮೂರನೆಯ ಘಟಕದ ಚಾವಣಿಯ ಮೇಲೆ ಬಿದ್ದವು. ಒಡೆದ ಘಟಕದ ಮೇಲೆ ಕಾಂಕ್ರೀಟ್ ಕವಚ ಕಟ್ಟುವ ಮೊದಲು ಅವನ್ನೆಲ್ಲ ಕುಳಿಯೊಳಗೆ ತಳ್ಳಬೇಕು. ಅಲ್ಲಿ ಕೆಲವು ನಿಮಿಷ ನಿಂತರೂ ಪ್ರಾಣಕ್ಕೆ ಅಪಾಯ.

ಕರೆ ಮತ್ತೆ ಲೆನಿನ್‌ಗ್ರಾಡಿಗೆ ಬಂತು. ಲುನೋಖೋದ್‌ನ ಅನುಭವದ ಮೇಲೆ ಕೆಮುರ್ಜಿಯಾನ್ ಅವರ ತಂಡ ತಿಂಗಳುಗಳಲ್ಲೇ ಎಸ್‌ಟಿಆರ್-1 ಎಂಬ ರೋಬೋಟ್ ಕಟ್ಟಿತು. ಮುಂದೆ ಬುಲ್ಡೋಜರಿನಂಥ ಹಲಗೆ, ಕೆಳಗೆ ಚಂದ್ರನ ಗಾಡಿಯಂಥದೇ ಗಾಲಿಗಳು. 64ರ ವಯಸ್ಸಿನ ಕೆಮುರ್ಜಿಯಾನ್ ತಾವೇ ಚೆರ್ನೋಬಿಲ್‌ಗೆ ಹೋದರು. ಆ ಯಂತ್ರ ಚಾವಣಿಯ ಮೇಲೆ ಕೆಲಸ ಮಾಡಿತು; ಪಶ್ಚಿಮ ಜರ್ಮನಿಯಿಂದ ತರಿಸಿದ ರೋಬೋಟ್ ಬೇಗನೆ ನಿಂತುಹೋದ ಜಾಗದಲ್ಲಿ ಇದು ಸ್ವಲ್ಪ ದಾರಿ ಮಾಡಿತು. ಆದರೆ ಚಾವಣಿ ಚಂದ್ರನಿಗಿಂತ ಕಷ್ಟದ ನೆಲ. ಕರಗಿದ ಡಾಂಬರು, ಸಿಕ್ಕು ಬಿದ್ದ ಪೈಪು, ಕಬ್ಬಿಣ, ಮೂಲೆ ಮುಡುಕು. ವಿಕಿರಣ ರೋಬೋಟ್‌ಗಳ ಎಲೆಕ್ಟ್ರಾನಿಕ್ಸನ್ನು ತಿನ್ನುತ್ತಿತ್ತು. ಒಂದೊಂದಾಗಿ ಯಂತ್ರಗಳು ಸಿಕ್ಕಿಬಿದ್ದವು, ಕೆಟ್ಟವು.

ಕೊನೆಗೆ ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಚಾವಣಿಗೆ ಮನುಷ್ಯರನ್ನೇ ಹತ್ತಿಸಿದರು. ಮೈಗೆ ಸೀಸದ ತಗಡು ಕಟ್ಟಿಕೊಂಡ ಸೈನಿಕರು ಓಡಿ ಹೋಗಿ, ಸಲಿಕೆಯಿಂದ ಒಂದೆರಡು ಸಲ ಎತ್ತಿ ಎಸೆದು, ಓಡಿ ಬರಬೇಕು. ಹಲವು ಕಡೆ ಒಬ್ಬನಿಗೆ ಸಿಗುತ್ತಿದ್ದ ಸಮಯ ಒಂದೆರಡು ನಿಮಿಷ, ಕೆಲವು ಕಡೆ ಅದಕ್ಕೂ ಕಡಿಮೆ. ಹೀಗೆ ಹೋದವರು ಮೂರು ಸಾವಿರಕ್ಕೂ ಹೆಚ್ಚು. ಅವರನ್ನು ‘ಬಯೋ-ರೋಬೋಟ್’ ಎಂದು ಕರೆದರು. ಯಂತ್ರ ಮಾಡಬೇಕಾದ ಕೆಲಸವನ್ನು ಮನುಷ್ಯ ಮಾಡಿದಾಗ ಅವನಿಗೇ ಯಂತ್ರದ ಹೆಸರು ಬಂತು.

ರೋವರ್ ಎಂದರೆ ದೂರದ ಗ್ರಹಗಳ ಶೋಕಿ, ಅದಕ್ಕೆ ಇಷ್ಟು ಹಣ ಯಾಕೆ ಎಂಬ ಪ್ರಶ್ನೆ ನಮ್ಮಲ್ಲೂ ಆಗಾಗ ಏಳುತ್ತದೆ. ಆ ಚಾವಣಿಯ ಎರಡು ವಾರ ಅದಕ್ಕೆ ಎರಡು ಬದಿಯ ಉತ್ತರ ಕೊಡುತ್ತವೆ. ಚಂದ್ರನಿಗಾಗಿ ಕಲಿತ ವಿದ್ಯೆ ಇದ್ದದ್ದರಿಂದ ಎಷ್ಟೋ ಜನ ಮೇಲೆ ಹೋಗುವುದು ತಪ್ಪಿತು. ಆ ವಿದ್ಯೆ ಸಾಲದೆ ಹೋದದ್ದರಿಂದ ಮೂರು ಸಾವಿರ ಜನ ಹೋಗಬೇಕಾಯಿತು. 1973ರ ನಂತರ ಹಾರದೆ ಸಂಗ್ರಹಾಲಯ ಸೇರಿದ ಮೂರನೆಯ ಗಾಡಿಯನ್ನು ನೆನೆದಾಗ, ನಡುವಿನ ವರ್ಷಗಳಲ್ಲಿ ಆ ಕೆಲಸ ಮುಂದುವರಿದಿದ್ದರೆ ಎಂದು ಅನಿಸದೆ ಇರದು.

ಚಳ್ಳಕೆರೆಯ ಕುಳಿಗಳು

ಭಾರತದ ಕತೆಯೂ ಈ ದಾರಿಯನ್ನು ಒಂದು ಕಡೆ ಮುಟ್ಟಿಯೇ ಬರುತ್ತದೆ. 2007ರ ಒಪ್ಪಂದದಂತೆ ಚಂದ್ರಯಾನ-2ರ ಲ್ಯಾಂಡರನ್ನು ರಷ್ಯಾ ಕೊಡಬೇಕಿತ್ತು. 2011ರಲ್ಲಿ ರಷ್ಯಾದ ಫೋಬೋಸ್-ಗ್ರುಂಟ್ ನೌಕೆ ವಿಫಲವಾದ ಮೇಲೆ ಅದು ತಡವಾಗುತ್ತಾ ಹೋಗಿ, ಇಸ್ರೋ ಎಲ್ಲವನ್ನೂ ತಾನೇ ಮಾಡಲು ನಿರ್ಧರಿಸಿತು. ಆಗ ಇಲ್ಲಿಯೂ ಒಂದು ಹಿತ್ತಲಿನ ಚಂದ್ರ ಬೇಕಾಯಿತು. ಚಂದ್ರನ ಎತ್ತರ ಪ್ರದೇಶದ ಮಣ್ಣಿಗೆ ಹತ್ತಿರವಾದ ಅನಾರ್ಥೊಸೈಟ್ ಕಲ್ಲು ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತ್ತಂಪೂಂಡಿಯಲ್ಲಿ ಸಿಕ್ಕಿತು. ಅದನ್ನು ಪುಡಿ ಮಾಡಿಸಿ ಬೆಂಗಳೂರಿಗೆ ತಂದು ಹಾಸಿ ರೋವರಿನ ಗಾಲಿ ಓಡಿಸಿದರು. ತೂಕ ಆರರಲ್ಲೊಂದಾಗಿ ಕಾಣಲು ಹೀಲಿಯಂ ಬಲೂನ್ ಕಟ್ಟಿ ಎತ್ತಿ ಹಿಡಿದರು. ಲ್ಯಾಂಡರಿನ ಸಂವೇದಕಗಳಿಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನು ತೋಡಿ, ಮೇಲಿಂದ ವಿಮಾನ ಹಾರಿಸಿ ನೋಡಿದರು. ಕುರಿ ಮೇಯುವ ಬಯಲುಸೀಮೆ ಹೀಗೆ ಸ್ವಲ್ಪ ಕಾಲ ಚಂದ್ರನಾಯಿತು.

2019ರಲ್ಲಿ ವಿಕ್ರಮ್ ಲ್ಯಾಂಡರ್ ಅಪ್ಪಳಿಸಿದಾಗ ಒಳಗಿದ್ದ ಮೊದಲ ಪ್ರಜ್ಞಾನ್ ನೆಲ ಮುಟ್ಟದೆಯೇ ಹೋಯಿತು. 2023ರ ಆಗಸ್ಟ್ 19ರಂದು ರಷ್ಯಾದ ಲೂನಾ-25 ಚಂದ್ರನಿಗೆ ಅಪ್ಪಳಿಸಿತು. ನಾಲ್ಕು ದಿನಗಳ ನಂತರ, 23ರಂದು ಚಂದ್ರಯಾನ-3 ಮೆಲ್ಲಗೆ ಇಳಿಯಿತು. ಹೊರಬಂದ ಪ್ರಜ್ಞಾನ್ ತೂಗುತ್ತಿದ್ದದ್ದು 26 ಕೆಜಿ, ಆರು ಗಾಲಿ, ವೇಗ ಸೆಕೆಂಡಿಗೆ ಒಂದು ಸೆಂ.ಮೀ. ಲುನೋಖೋದ್‌ನ ನಿಧಾನದ ವೇಗಕ್ಕೆ ಹೋಲಿಸಿದರೂ ಇಪ್ಪತ್ತು ಪಟ್ಟು ಕಡಿಮೆ. ಇಲ್ಲಿ ಓಡುತ್ತಿರುವ ಗಾಡಿಗೆ ಸ್ಟಿಯರಿಂಗ್ ತಿರುಗಿಸುವವರು ಯಾರೂ ಇಲ್ಲ. ರೋವರಿನ ಎರಡು ಕ್ಯಾಮೆರಾ ಕಳಿಸಿದ ಚಿತ್ರಗಳಿಂದ ಬೆಂಗಳೂರಿನಲ್ಲಿ ನೆಲದ ಏರಿಳಿತದ ನಕ್ಷೆ ಮಾಡಿ, ಕೆಲವು ಮೀಟರಿನಷ್ಟು ದಾರಿ ಗೊತ್ತು ಮಾಡಿ, ಆಜ್ಞೆ ಕಳಿಸಿ, ಮತ್ತೆ ಹೊಸ ಚಿತ್ರಕ್ಕೆ ಕಾಯುವುದು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಹಿಂದೆ ಬಂದು ಬೇರೆ ದಾರಿ ಹಿಡಿಯಲು ಹೇಳಿದರು. ಮೇ 9, 1973ರ ಕುಳಿಯ ಕತೆ ಗೊತ್ತಿದ್ದವರಿಗೆ ಆ ಸುದ್ದಿಯ ತೂಕ ಬೇರೆಯೇ. ಸೆಪ್ಟೆಂಬರ್ 2ರಂದು ಮಲಗಿಸುವ ಹೊತ್ತಿಗೆ ಪ್ರಜ್ಞಾನ್ 100 ಮೀಟರ್‌ಗಿಂತ ಸ್ವಲ್ಪ ಹೆಚ್ಚು ನಡೆದಿತ್ತು. ರಾತ್ರಿ ಕಾವಿಗೆ ಪೊಲೋನಿಯಂನಂಥದ್ದು ಅದರಲ್ಲಿ ಇರಲಿಲ್ಲ. ಅದು ಮತ್ತೆ ಏಳಲಿಲ್ಲ.

ಉಳಿದ ಕನ್ನಡಿ

ಲುನೋಖೋದ್-1ರ ಮೈಮೇಲೆ ಫ್ರಾನ್ಸಿನವರು ಮಾಡಿಕೊಟ್ಟ ಒಂದು ಲೇಸರ್ ಪ್ರತಿಫಲಕ ಇತ್ತು. ಭೂಮಿಯಿಂದ ಲೇಸರ್ ಬಿಟ್ಟರೆ ಬಂದ ದಾರಿಯಲ್ಲೇ ಬೆಳಕನ್ನು ಹಿಂದಿರುಗಿಸುವ ಕನ್ನಡಿ. ಗಾಡಿ ನಿಂತ ಜಾಗ ನಿಖರವಾಗಿ ಗೊತ್ತಿಲ್ಲದೆ ದಶಕಗಳ ಕಾಲ ಅದು ಕಳೆದುಹೋದಂತೆಯೇ ಇತ್ತು. 2010ರ ಮಾರ್ಚಿನಲ್ಲಿ ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಒಂದು ಚುಕ್ಕೆಯಾಗಿ ಕಂಡಿತು, ಹುಡುಕುತ್ತಿದ್ದ ಜಾಗದಿಂದ ಕಿಲೋಮೀಟರುಗಟ್ಟಲೆ ದೂರದಲ್ಲಿ. ಏಪ್ರಿಲ್ 22ರಂದು ಅಮೆರಿಕದ ನ್ಯೂ ಮೆಕ್ಸಿಕೊದ ಅಪಾಚಿ ಪಾಯಿಂಟ್ ವೀಕ್ಷಣಾಲಯದಿಂದ ಟಾಮ್ ಮರ್ಫಿ ಅವರ ತಂಡ ಅತ್ತ ಲೇಸರ್ ಬಿಟ್ಟಿತು. ಮರಳಿ ಬಂದ ಬೆಳಕು ಅವರು ನಿರೀಕ್ಷಿಸಿದ್ದಕ್ಕಿಂತ ಬಹಳ ಪ್ರಖರವಾಗಿತ್ತು.

ಕ್ರಿಮಿಯಾದ ಆ ಕೋಣೆಯಲ್ಲಿದ್ದವರು ಕೊನೆಯ ಸಲ ಗಾಡಿ ನಿಲ್ಲಿಸಿ ಹೆಚ್ಚುಕಡಿಮೆ 39 ವರ್ಷವಾಗಿತ್ತು. ಕನ್ನಡಿಯ ಮುಖ ಭೂಮಿಯ ಕಡೆಗೇ ಇತ್ತು. ಚಂದ್ರ ನಮ್ಮಿಂದ ವರ್ಷಕ್ಕೆ ಸುಮಾರು 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ ಎಂದು ನಮಗೆ ಗೊತ್ತಿರುವುದು ಇಂಥ ಕನ್ನಡಿಗಳಿಂದ. ಗಾಡಿ ಓಡುವುದನ್ನು ನಿಲ್ಲಿಸಿದ ಮೇಲೂ ಅದರ ಈ ಒಂದು ಭಾಗ ಆ ಲೆಕ್ಕದಲ್ಲಿ ಕೆಲಸಕ್ಕೆ ಬರುತ್ತಿದೆ.